ಮಾರಿಷಸ್ಸಿನಲ್ಲಿ ತಮಟೆ ಕಾಯಿಸಿದ್ದು

ಮೊದಲೇ ಹೇಳಿಬಿಡ್ತೀನಿ. ಆಮೇಲೆ ಬೇರೆಯವರ ಬಾಯಿಂದ ಕೇಳಿ, ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ನೀವು ನನ್ನ ಮುಖ ನೋಡಿ ನಗೋ ಹಾಗಾಗಬಾರದು. ಮಾರಿಷಸ್ ದೇಶದ ಒಂದು ಮರ್ಯಾದಸ್ಥ ಹೋಟೆಲಿನಿಂದ, ಮಟಮಟ ಮಧ್ಯಾಹ್ನ, ಗಿರಾಕಿಗಳೆಲ್ಲ ಟವೆಲ್ ಸುತ್ತಿಕೊಂಡು, ಒಬ್ಬರಂತೂ ಅರ್ಧ ಗಡ್ಡ ಹೆರೆದ ಮುಖದಲ್ಲೇ, ರಸ್ತೆಗೆ ಓಡಿ ಬಂದು ನಿಂತರಲ್ಲ, ಅದಕ್ಕೆ ಕಾರಣ ನಾನು. ಬೆಂಕಿ ಹಚ್ಚಿದ್ದು ನಾನಲ್ಲ, ಹಚ್ಚೋಕೆ ಜಾಗ ತೋರಿಸಿದವನು. ಬೆಂಕಿ ಗಂಟೆ ಹೊಡೆದುಕೊಂಡಾಗ ಇಡೀ ಕಟ್ಟಡ ಖಾಲಿಯಾದರೂ ನಮ್ಮ ರೂಮಿನವರು ಮಾತ್ರ ಆರಾಮಾಗಿ ಕೂತಿದ್ದರಲ್ಲ, ಅದಕ್ಕೂ ಕಾರಣ ನಾನೇ. ಹೇಗೆ ಅಂತ ಹೇಳೋಕೆ ಗುಬ್ಬಿಯಿಂದಲೇ ಶುರು ಮಾಡಬೇಕು.

ಗುಬ್ಬಿ

ನನ್ನ ಕಸುಬು ಮಿಮಿಕ್ರಿ. ನಮ್ಮ ಬೀದಿಯಲ್ಲಿ ಮಿಕ್ಸಿ ವಿಚಿತ್ರವಾಗಿ ಕೂಗಿದರೆ ಮೊದಲು ನನ್ನನ್ನು ಬೈದು, ಆಮೇಲೆ ರಿಪೇರಿಯವನಿಗೆ ಫೋನು ಮಾಡ್ತಾರೆ. ಕುಣಿಗಲ್ಲಿನ ಕುದುರೆ ಫಾರಂ ಗೋಡೆ ಪಕ್ಕ ನಿಂತು ನಾನು ಕೆನೆದರೆ ಒಳಗಿಂದ ಉತ್ತರ ಬರುತ್ತೆ. ಯಾವ ಅರ್ಥದಲ್ಲಿ ಅಂತ ನಾನು ಇದುವರೆಗೂ ವಿಚಾರಿಸಿಲ್ಲ.

ನನ್ನ ಜೊತೆ ಹೊರಟವರು ಇಬ್ಬರು. ಒಬ್ಬರು ನಮ್ಮ ದೊಡ್ಡಪ್ಪ, ಬಸವರಾಜಪ್ಪ ಮೇಷ್ಟ್ರು. ತುಮಕೂರಿಂದ ಕುಣಿಗಲ್ಲಿನವರೆಗೆ ಯಾವ ಊರಿನಲ್ಲಿ ನಾಟಕ ಕಟ್ಟಿದರೂ ಹಾರ್ಮೋನಿಯಂ ಇವರದೇ. ಹಣೆ ತುಂಬ ವಿಭೂತಿ, ಬಾಯಿ ತುಂಬ ಒಂದೇ ಪದ: ‘ಅಪ್ಪಟ’. ತುಪ್ಪ ಅಪ್ಪಟ ಇರಬೇಕು, ರಾಗ ಅಪ್ಪಟ ಇರಬೇಕು, ಹುಡುಗರು ಮಾತ್ರ ಇತ್ತೀಚೆಗೆ ಕಲಬೆರಕೆ. ಆ ಕೊನೆಯ ಮಾತು ಹೇಳುವಾಗ ನನ್ನ ಕಡೆ ನೋಡ್ತಾರೆ.

ಇನ್ನೊಬ್ಬರು ಕಡಬದ ನಂಜಣ್ಣ. ತಮಟೆ ಬಾರಿಸೋದರಲ್ಲಿ ಸುತ್ತ ಹತ್ತೂರಿಗೆ ಒಬ್ಬರೇ, ಇದನ್ನು ಅವರೇ ಹೇಳ್ತಾರೆ. ಕೂಲಿಂಗ್ ಗ್ಲಾಸ್ ಇಲ್ಲದೆ ಫೋಟೊಕ್ಕೆ ನಿಲ್ಲಲ್ಲ. ನಾವಿಬ್ಬರೂ ಸೇರಿ ಒಂದು ಐಟಂ ಮಾಡ್ತೀವಿ. ನಾನು ಬಾಯಲ್ಲಿ ಏನು ಸದ್ದು ಮಾಡಿದರೂ, ರೈಲಾಗಲಿ, ಕೋಳಿ ಜಗಳವಾಗಲಿ, ನಂಜಣ್ಣ ಅದನ್ನು ತಮಟೆ ಮೇಲೆ ತಿರುಗಿಸಿ ಹೊಡೀತಾರೆ. ಅದರ ವಿಡಿಯೊ ಯಾರ್ಯಾರ ಮೊಬೈಲು ಹಾದು ಮಾರಿಷಸ್ಸಿನ ಸಂಗೀತ ಉತ್ಸವದವರಿಗೆ ಮುಟ್ಟಿ, ಕರೆ ಬಂತು.

ದೊಡ್ಡಪ್ಪನಿಗೆ ಅದು ಸಂಸ್ಕೃತಿಯ ಕೆಲಸ. ನನಗೆ ವಿಮಾನದ ಟಾಯ್ಲೆಟ್ ಫ್ಲಶ್ ಸದ್ದು ಕಲಿಯೋ ಅವಕಾಶ. ನಂಜಣ್ಣನಿಗೆ ಬೇರೆಯೇ ಒಂದು ಲೆಕ್ಕ ಇತ್ತು.

ಅವರ ಮಗಳು ಸುಮಳನ್ನು ಚೇಳೂರಿಗೆ ಕೊಟ್ಟಿದ್ದಾರೆ. ಬೀಗರು ಶಿವಣ್ಣನವರು ನಂಜಣ್ಣನ ಜನವೇ, ಆದರೆ ಸರ್ಕಾರಿ ಕೆಲಸ, ಮಾತೆಲ್ಲ ಆಫೀಸಿನ ಮಾತು. ಮದುವೆಗೆ ಮುಂಚೆ ಹೇಳಿದ್ದರಂತೆ, “ಬೀಗ್ರೇ, ನಮ್ ಆಫೀಸ್ನೋರೆಲ್ಲ ಬರ್ತಾರೆ. ಕುಣಿಗಲ್ಲಿಂದ ಬ್ಯಾಂಡ್ ಸೆಟ್ ಹೇಳಿದೀವಿ. ಈ ತಮಟೆ ಗಿಮಟೆ ಬ್ಯಾಡಿ.” ಮಗಳ ಮದುವೇಲಿ ಬಾರಿಸದೆ ಹೇಗಿರೋದು ಅಂತ ನಂಜಣ್ಣ ತಗೊಂಡೇ ಹೋದರು. ಛತ್ರದ ಗೇಟಿನ ಹತ್ತಿರವೇ ಬೀಗರು ತಡೆದು, ಇದನ್ನ ಇಲ್ಲೇ ಬಿಟ್ಟು ಬನ್ನಿ ಅಂದರು. ಒಳಗೆ ಧಾರೆ ಆಯ್ತು. ತಮಟೆ ಗೇಟಿಂದ ಆಚೆ, ಚಪ್ಪಲಿ ರಾಶಿ ಪಕ್ಕ ಗೋಡೆಗೆ ಒರಗಿಕೊಂಡಿತ್ತು.

“ಲೋ ಮಿಮಿಕ್ರಿ,” ಅಂದರು ನಂಜಣ್ಣ, ಹೊರಡೋ ದಿನ. “ಶನಿವಾರ ನಾವು ಬಾರಿಸೋದನ್ನ ವಿಡಿಯೊ ಕಾಲ್‌ನಾಗೆ ಚೇಳೂರಿಗೆ ತೋರಿಸ್ಬೇಕು. ಬೀಗ್ರು ಹಾಲ್‌ನಾಗೆ ಟೀವಿ ತಾವ ಕುಂತ್ಕತಾರಲ್ಲ, ಅಲ್ಲಿಗೇ ಹೋಗ್ಬೇಕು ಇದರ ಸೌಂಡು.”

“ಹೋಗುತ್ತೆ ಬಿಡು ನಂಜಣ್ಣ.”

“ಕೋಳಿ ಕೂಗ್ದಂಗಲ್ಲ ಕಣ್ಲಾ ಇದು. ಆಟ ಆಡ್ಬ್ಯಾಡ.”

ವಿಮಾನ ಇಳಿದಾಗ

ಅಲ್ಲಿನ ಕಸ್ಟಮ್ಸಿನವರು ದೊಡ್ಡಪ್ಪನ ಚೀಲದಿಂದ ಕೊಬ್ಬರಿ ತೆಗೆದು ಪಕ್ಕಕ್ಕಿಟ್ಟರು, ಹುಣಸೆಹಣ್ಣು ತೆಗೆದಿಟ್ಟರು. ತೆಂಗಿನ ಸೀಮೆಯವರ ಕೈಯಿಂದ ಕೊಬ್ಬರಿ ಕಿತ್ತುಕೊಂಡರೆ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ದೊಡ್ಡಪ್ಪ ಅದನ್ನು ಹಿಂದಿರುಗಿ ಹಿಂದಿರುಗಿ ನೋಡಿದರು.

ಆಮೇಲೆ ತಮಟೆಯ ಸರದಿ. ಅಧಿಕಾರಿ ಕಪ್ಪಗೆ, ಎತ್ತರಕ್ಕೆ, ಗುಂಗುರು ಕೂದಲು. ಎದೆ ಮೇಲಿನ ಹೆಸರು ನೋಡಿದರೆ ಫ್ರೆಂಚು. ಇದೇನು ಅಂತ ಕೇಳಿದ. ಇಂಗ್ಲಿಷಿನಲ್ಲಿ ಹೇಳೋಕೆ ದೊಡ್ಡಪ್ಪ ಒಂದು ವಾಕ್ಯ ಕಟ್ಟುತ್ತಿದ್ದರು. ಅದು ಮುಗಿಯೋದರೊಳಗೆ ಸಂಜೆಯಾಗುತ್ತೆ ಅಂತ ನಾನು ಬಾಯಲ್ಲೇ ಒಂದು ಗತ್ತು ಬಾರಿಸಿ ತೋರಿಸಿದೆ. ಅಧಿಕಾರಿಯ ಮುಖ ಅರಳಿತು. ತಮಟೆ ಎತ್ತಿಕೊಂಡು, ಬೆರಳಲ್ಲಿ ಮೆಲ್ಲಗೆ ತಟ್ಟಿ, “ಆಹ್, ರವಾನ್!” ಅಂದ.

“ಅಲ್ಲಪ್ಪಾ, ತಮಟೆ,” ಅಂದರು ದೊಡ್ಡಪ್ಪ, ಅಚ್ಚ ಕನ್ನಡದಲ್ಲಿ.

“ರವಾನ್, ರವಾನ್,” ಅಂತ ಅವನು ಇನ್ನೆರಡು ಸಲ ತಟ್ಟಿ, ಮಗುವನ್ನು ಕೊಟ್ಟ ಹಾಗೆ ಎರಡು ಕೈಯಲ್ಲಿ ವಾಪಸ್ ಕೊಟ್ಟ. ನಂಜಣ್ಣ ಕೂಲಿಂಗ್ ಗ್ಲಾಸ್ ತೆಗೆದು ಅವನನ್ನೇ ನೋಡಿದರು. ಆಫೀಸರ್ ಒಬ್ಬ ತಮಟೆಯನ್ನು ಎರಡು ಕೈಯಲ್ಲಿ ಹಿಡಿದಿದ್ದನ್ನು ಅವರು ಅದೇ ಮೊದಲು ನೋಡಿದ್ದು.

ಸ್ನಾನದ ಮನೆ

ಮೂವರಿಗೂ ಒಂದೇ ರೂಮು, ಮೂರು ಮಂಚ. ಗುಬ್ಬಿಯಲ್ಲಿ ನಮ್ಮ ಮನೆಗೆ ಬಂದರೆ ನಂಜಣ್ಣ ಜಗಲಿ ದಾಟೋದಿಲ್ಲ. ಇಲ್ಲಿ ದೊಡ್ಡಪ್ಪನ ದಿಂಬಿಗೂ ಅವರ ದಿಂಬಿಗೂ ಒಂದು ಮೊಳ ಜಾಗ. ಇಬ್ಬರೂ ಆ ವಿಷಯ ಎತ್ತಲಿಲ್ಲ. ಬೆಳಿಗ್ಗೆ ದೊಡ್ಡಪ್ಪ ಹೇಳಿದ್ದು ಇಷ್ಟೇ, “ನಂಜಣ್ಣ, ನಿನ್ನ ಗೊರಕೆ ಮೇಲಿನ ಷಡ್ಜ ಮುಟ್ಟುತ್ತೆ ಕಣಪ್ಪ.” ನಂಜಣ್ಣ, “ನಿಮ್ಮದು ಶ್ರುತಿ ಹಿಡ್ದಿತ್ತಲ್ಲ ಮೇಷ್ಟ್ರೇ, ಅದಕ್ಕೇ,” ಅಂದರು. ಎರಡನ್ನೂ ನಾನು ಮಾಡಿ ತೋರಿಸಿದೆ. ಇಬ್ಬರೂ ಒಟ್ಟಿಗೆ ದಿಂಬು ಎಸೆದರು.

ತೊಂದರೆ ಆಗಿದ್ದು ಸಮುದ್ರದ ಗಾಳಿಯಿಂದ. ಆ ತೇವಕ್ಕೆ ತಮಟೆಯ ಚರ್ಮ ಸಡಿಲವಾಗಿ, ಒದ್ದೆ ಗೋಣಿಚೀಲ ಬಡಿದ ಹಾಗೆ ‘ದೊಪ್’ ಅಂತಿತ್ತು. ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸದೆ ಬಾರಿಸೋಕಾಗಲ್ಲ, ಅದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಊರಲ್ಲಾದರೆ ಒಂದು ಒಣ ತೆಂಗಿನ ಗರಿ ಸಾಕು. ಇಲ್ಲಿ ಗರಿ ಎಲ್ಲಿ, ಬೀದಿಯಲ್ಲಿ ಹಚ್ಚೋದೆಲ್ಲಿ?

“ಬಾತ್ ರೂಮಲ್ಲಿ ಹಚ್ಚು ನಂಜಣ್ಣ,” ಅಂದೆ ನಾನು. “ಎಲ್ಲ ಕಲ್ಲು, ನೀರು ಪಕ್ಕದಲ್ಲೇ ಇದೆ. ಸ್ಟೀಲಿನ ಕಸದ ಬುಟ್ಟಿ ಇದೆ. ಚಕ್ಕುಲಿ ಸುತ್ತಿದ ಪೇಪರ್ ಇದೆ.” ದೀಪ ಹಚ್ಚೋಕೆ ಅಂತ ಎದುರಂಗಡಿಯಲ್ಲಿ ತಗೊಂಡಿದ್ದ ಬೆಂಕಿಪೊಟ್ಟಣವನ್ನು ದೊಡ್ಡಪ್ಪನೇ ಕೊಟ್ಟರು. ಇದನ್ನು ಅವರು ಈಗ ಒಪ್ಪೋದಿಲ್ಲ.

ನಂಜಣ್ಣ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ದೊಡ್ಡಪ್ಪ ಮಂಚದ ಮೇಲೆ ಕಣ್ಣು ಮುಚ್ಚಿ ಜಪಕ್ಕೆ ಕೂತರು. ನಾನು ಬಾಗಿಲಲ್ಲಿ ಕಾವಲು. ಸ್ವಲ್ಪ ಹೊತ್ತಿಗೆ ಸೂರಿನಿಂದ ‘ಪೀಂ... ಪೀಂ... ಪೀಂ...’ ಅಂತ ಶುರುವಾಯ್ತು.

“ನಿಲ್ಸೋ ಶನಿ,” ಅಂದರು ದೊಡ್ಡಪ್ಪ, ಕಣ್ಣು ತೆರೆಯದೆ. “ಜಪ ಮಾಡ್ತಿದೀನಿ.”

“ದೊಡ್ಡಪ್ಪ, ನಾನಲ್ಲ!”

“ಇವನು ಯಾವತ್ತು ನಾನು ಅಂದಿದಾನೆ!”

ಒಳಗಿಂದ ನಂಜಣ್ಣನ ಕೂಗು, “ಮಿಮಿಕ್ರೀ! ಇದು ಚೆನ್ನಾಗೈತೆ ಕಣ್ಲಾ! ಹೊಸಾದಾ? ಇನ್ನೊಂಚೂರು ಎಳಿ!”

ಕಾಯಿಸಿದ ತಮಟೆಯಲ್ಲಿ ಅದಕ್ಕೆ ಉತ್ತರವೂ ಬಂತು. ಅದು ಪೀಂ ಅಂದರೆ ಇದು ಠಣ್. ಅದು ಎಳೆದರೆ ಇದು ಉರುಳಿಸುತ್ತೆ. ನಿಜ ಹೇಳ್ತೀನಿ, ನನ್ನ ಜೊತೆ ಅವರು ಯಾವತ್ತೂ ಅಷ್ಟು ಚೆನ್ನಾಗಿ ಬಾರಿಸಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಹೊರಗೆ ಕಾರಿಡಾರಿನಲ್ಲಿ ದಡದಡ ಓಡುವ ಸದ್ದು, ಫ್ರೆಂಚಿನಲ್ಲಿ ಕೂಗಾಟ. ಹುಟ್ಟಿದಾಗಿನಿಂದ ಸುಳ್ಳು ಸದ್ದು ಮಾಡಿದವನ ಮಾತನ್ನು ನಿಜವಾದ ಸದ್ದು ಬಂದ ದಿನ ಯಾರೂ ನಂಬಲಿಲ್ಲ.

ಬಾಗಿಲು ಒಡೆದ ಹಾಗೆ ತೆಗೆದುಕೊಂಡು ಹೋಟೆಲಿನವರು ನುಗ್ಗಿದಾಗ ಕಂಡಿದ್ದು ಇದು: ವಿಭೂತಿ ಹಚ್ಚಿದ ಒಬ್ಬರು ಧ್ಯಾನದಲ್ಲಿ, ಒಬ್ಬ ಹುಡುಗ ಕೈ ಮುಗಿದುಕೊಂಡು, ಬಾತ್ ರೂಮಿನ ಹೊಗೆಯೊಳಗಿಂದ ಕೂಲಿಂಗ್ ಗ್ಲಾಸ್ ಹಾಕಿದ ಒಬ್ಬರು ತಮಟೆ ಬಾರಿಸ್ತಾ ಹೊರಗೆ ಬರ್ತಾ. ಗ್ಲಾಸ್ ಹೊಗೆಗೆ ಅಂತ ಹಾಕಿದ್ದರು, ಪಾಪ.

ಹೋಟೆಲಿನ ಮ್ಯಾನೇಜರಮ್ಮ ಚೀನಾ ಮೂಲದವರು. ತೆಳ್ಳಗೆ, ಅಚ್ಚುಕಟ್ಟು, ನಮ್ಮ ಶಾಲೆಯ ಗಣಿತದ ಮಿಸ್ಸಿನ ದೃಷ್ಟಿ. ಬೈಯಲಿಲ್ಲ. ತಮಟೆಯನ್ನು ಸಾಮಾನಿನ ಕೋಣೆಗೆ ಹಾಕಿ ಬೀಗ ಜಡಿದರು. ಸಂಜೆಯೊಳಗೆ ಉತ್ಸವದವರಿಗೂ ಸುದ್ದಿ ಮುಟ್ಟಿ, ಅವರ ಹುಡುಗನೊಬ್ಬ ಬಂದು ಹೇಳಿದ: ಮೈದಾನದಲ್ಲಿ ಬೆಂಕಿಕಡ್ಡಿಯನ್ನೂ ಗೀರುವಂತಿಲ್ಲ, ಬೇಕಾದರೆ ಇದನ್ನು ಬಾರಿಸಿ. ಕೊಟ್ಟಿದ್ದು ತಮಟೆಯಷ್ಟಗಲದ ಬಳೆಗೆ ಚರ್ಮದ ಬದಲು ಪ್ಲಾಸ್ಟಿಕ್ ಹೊದಿಸಿದ ವಾದ್ಯ.

ನಂಜಣ್ಣ ಒಂದೇ ಒಂದು ಸಲ ತಟ್ಟಿದರು. “ಟಿಫನ್ ಡಬ್ಬಿ,” ಅಂದರು.

“ಸದ್ದು ಬಂದರೆ ಸಾಕಲ್ಲಪ್ಪ,” ಅಂದರು ದೊಡ್ಡಪ್ಪ.

“ಹಾರ್ಮೋನಿಯಂ ಬದ್ಲು ನಿಮ್ ಕೈಗೊಂದು ಮೊಬೈಲ್ ಕೊಡ್ತೀನಿ, ಒತ್ತುತೀರಾ ಮೇಷ್ಟ್ರೇ? ಚೇಳೂರ್ನಾಗೆ ಇದನ್ನ ಕೇಳಿಸ್ಲಾ? ಮಾವ ಪ್ಲಾಸ್ಟಿಕ್ ಬಡೀಯಕ್ಕೆ ಹಡಗು ಹತ್ತಿ ಹೋದ ಅಂತ ನಗ್ಬೇಕಾ ನನ್ ಅಳೀಮಯ್ಯ?”

ನಾವು ಬಂದಿದ್ದು ವಿಮಾನದಲ್ಲಿ ಅಂತ ತಿದ್ದೋ ಧೈರ್ಯ ನನಗೂ ಬರಲಿಲ್ಲ. ಆ ದಿನ ನಂಜಣ್ಣ ಊಟ ಮಾಡಲಿಲ್ಲ.

ಸೆರ್ಜನ ಕಾರು

ಮಾರನೇ ದಿನ ನಾನು ಮ್ಯಾನೇಜರಮ್ಮನ ಮುಂದೆ ಹೋಗಿ ನಿಂತೆ. ತುಮಕೂರು ಕಾಲೇಜಿನ ಇಂಗ್ಲಿಷನ್ನೆಲ್ಲ ಗುಡಿಸಿ ತಂದು, ತಪ್ಪು ನಂದು, ತಮಟೆಯದಲ್ಲ ಅಂದೆ. ಅವರು ಒಂದು ಷರತ್ತು ಹಾಕಿದರು. ತಮಟೆ ಕೊಡ್ತೀನಿ, ಕಟ್ಟಡದೊಳಗೆ ಬೆಂಕಿ ಇಲ್ಲ, ಮತ್ತು ನೀನು ಹೊರಡುವವರೆಗೂ ಇಲ್ಲಿ ಒಂದೇ ಒಂದು ಸದ್ದು ಮಾಡಬಾರದು. ಮಾತು ಬೇಕಾದರೆ ಆಡು, ಮನುಷ್ಯರ ಹಾಗೆ.

ಆವತ್ತಿಂದ ನಾನು ಆ ಹೋಟೆಲಿನಲ್ಲಿ ಕೆಮ್ಮು ಬಂದರೂ ಬೀದಿಗೆ ಹೋಗಿ ಕೆಮ್ಮಿ ಬರ್ತಿದ್ದೆ. ದೊಡ್ಡಪ್ಪ ಈ ಹೆಂಗಸಿನ ವಿಳಾಸ ಬರೆದಿಟ್ಟುಕೊಂಡರು.

ತಮಟೆ ಸಿಕ್ಕಿತು, ಬೆಂಕಿ ಸಿಗಲಿಲ್ಲ. ಆ ಚಿಂತೆ ಹೊತ್ತುಕೊಂಡೇ ಉತ್ಸವದವರು ಕೊಟ್ಟ ಕಾರು ಹತ್ತಿದೆವು. ಡ್ರೈವರನ ಹೆಸರು ಸೆರ್ಜ್ ಅಪ್ಪಾಡು. ಹೆಸರಿನ ತಲೆ ಫ್ರಾನ್ಸಿನದು, ಬಾಲ ನಮ್ಮ ಕಡೆಯದು. ರಸ್ತೆ ಬದಿಯ ಚರ್ಚು ಬಂದರೆ ಎದೆ ಮೇಲೆ ಶಿಲುಬೆ ಎಳೆದುಕೊಳ್ಳುತ್ತಿದ್ದ, ಮುಂದೆ ಸುಬ್ರಹ್ಮಣ್ಯನ ಗುಡಿ ಬಂದರೆ ಸ್ಟಿಯರಿಂಗ್ ಬಿಟ್ಟು ಕೈ ಮುಗಿಯುತ್ತಿದ್ದ. ಆಗೆಲ್ಲ ನಾವು ಮೂವರೂ ಎಲ್ಲ ದೇವರಿಗೂ ಕೈ ಮುಗಿಯುತ್ತಿದ್ದೆವು. ಅವನಿಗೆ ಒಂದಿಷ್ಟು ಹಿಂದಿ, ನನಗೆ ಒಂದಿಷ್ಟು ಹಿಂದಿ; ಎರಡೂ ಸಿನಿಮಾದ್ದು, ಹಾಗಾಗಿ ಡೈಲಾಗ್ ಹೊಡೆದ ಹಾಗೇ ಮಾತಾಡ್ತಿದ್ದೆವು.

ದೊಡ್ಡಪ್ಪನಿಗೆ ಇವನನ್ನು ಯಾವ ಗೂಡಿಗೆ ಹಾಕೋದು ಅಂತ ತಿಳಿಯಲಿಲ್ಲ. “ಕೇಳೋ ಅವನ್ನ, ಮೂಲದಲ್ಲಿ ಅವನು ಯಾರಂತೆ?”

ಕೇಳಿದೆ. ಸೆರ್ಜ್ ಕನ್ನಡಿಯಲ್ಲಿ ದೊಡ್ಡಪ್ಪನನ್ನು ನೋಡಿ ಹೇಳಿದ, “ಡ್ರೈವರ್, ಸಾರ್.”

ಆಮೇಲೆ ತಾನಾಗೇ ಬಿಡಿಸಿ ಹೇಳಿದ. ಅಜ್ಜನ ಕಡೆಯವರು ಕಬ್ಬಿನ ತೋಟದ ಕೂಲಿಗೆ ಹಡಗಿನಲ್ಲಿ ಬಂದ ತಮಿಳರು. ಅಜ್ಜಿ ಕ್ರಿಯೋಲ್, ಅಂದರೆ ಅದಕ್ಕೂ ಮುಂಚೆ ಆಫ್ರಿಕಾದಿಂದ ಗುಲಾಮರಾಗಿ ತಂದವರ ಸಂತತಿ. ಹೆಂಡತಿಯ ಅಜ್ಜಿ ಭೋಜಪುರಿ. ಇವನ ಮದುವೆಯ ಹಿಂದಿನ ದಿನ ಆ ಕಡೆಯ ಮುತ್ತೈದೆಯರು ಡೋಲಕ್ಕಿಗೆ ಅರಿಶಿನ ಕುಂಕುಮ ಇಟ್ಟು, ಚೊಂಬಿನ ಮೇಲೆ ಚಮಚ ಬಡಿದು ಹಾಡಿದರಂತೆ. ಮದುವೆ ದಿನ ನಾಗಸ್ವರವಂತೆ. ಊಟಕ್ಕೆ ಚೀನಿಯರ ನೂಡಲ್ಸಂತೆ.

ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ‘ದೋಲ್ ಪುರಿ’ ಕೊಡಿಸಿದ. ತೆಳ್ಳಗೆ, ಮೆತ್ತಗೆ, ಒಳಗೆ ಬೇಳೆಯ ಹೂರಣ, ಮೇಲೆ ಖಾರದ ಗೊಜ್ಜು. ನಂಜಣ್ಣ ಒಂದು ತುತ್ತು ತಿಂದು ನಿಲ್ಲಿಸಿ, ಬಿಡಿಸಿ ನೋಡಿದರು.

“ಹೋಳಿಗೆ ಕಣ್ಲಾ! ಬೆಲ್ಲ ಹಾಕದು ಮರ್ತವ್ರೆ.”

“ನಮ್ಮದೇ ಇದು,” ಅಂದರು ದೊಡ್ಡಪ್ಪ. “ಇಲ್ಲಿ ಬಂದು ಕೆಟ್ಟಿದೆ.” ಕೆಟ್ಟಿದ್ದನ್ನು ಆಮೇಲೆ ಇನ್ನೊಂದು ಜೊತೆ ತಗೊಂಡರು.

ಮುಂದಿನ ಸೀಟಿನಲ್ಲಿ ನಾನು ಸೆರ್ಜನಿಗೆ ತಮಟೆಯ ಕಥೆ ಹೇಳಿದೆ, ಬೆಂಕಿ ಗಂಟೆ ಸಮೇತ, ಸದ್ದು ಸಮೇತ. ಅವನು ನಕ್ಕು ನಕ್ಕು ಕಾರನ್ನು ಕಬ್ಬಿನ ಗದ್ದೆಯ ಅಂಚಿಗೆ ಒಯ್ದ. ಆಮೇಲೆ ಕಣ್ಣು ಒರೆಸಿಕೊಂಡು, “ನಿಮಗೆ ಬೇಕಾಗಿರೋದು ಮಾ ರೋಜಿ,” ಅಂದ.

ಮಾ ರೋಜಿಯ ಅಂಗಳ

ಉತ್ಸವದ ಮೈದಾನ ಕಡಲ ದಂಡೆಯಲ್ಲಿತ್ತು. ಅದರ ಬೇಲಿಗೆ ಅಂಟಿಕೊಂಡೇ ಒಂದು ತಗಡಿನ ಮನೆ, ಅಂಗಳದಲ್ಲಿ ತೆಂಗು, ಕೋಳಿ, ಕಲ್ಲಿನ ಒಲೆ. ಅಲ್ಲಿದ್ದರು ಮಾ ರೋಜಿ. ಸೆರ್ಜನ ಅಜ್ಜಿಯ ತಂಗಿ. ದೊಡ್ಡ ಆಳು, ಹೂವಿನ ಲಂಗ, ನಮ್ಮ ಸಂತೆಯಲ್ಲಿ ಸೊಪ್ಪು ಮಾರೋ ಅಜ್ಜಿಯ ಗಂಟಲು. ಸೆಗಾ ಹಾಡುಗಾರ್ತಿ. ಸೆಗಾ ಅಂದರೆ ಅಲ್ಲಿನ ಹಾಡು ಕುಣಿತ. ಅದಕ್ಕೆ ಬಾರಿಸೋದೇ ರವಾನ್. ಅಗಲವಾದ ಮರದ ಬಳೆಗೆ ಆಡಿನ ಚರ್ಮ.

ಸೆರ್ಜ್ ನಮ್ಮ ಕಥೆ ಹೇಳಿದ. ಮಾ ರೋಜಿ ನಗಲಿಲ್ಲ. ಒಣ ತೆಂಗಿನ ಗರಿ ಎಳೆದು ತಂದು ಒಲೆಗೆ ಹಾಕಿ, ಗೋಡೆಯ ಮೇಲಿದ್ದ ತಮ್ಮ ರವಾನ್ ತೆಗೆದು ಉರಿಗೆ ಹಿಡಿದರು.

ಆ ಗರಿಯ ಹೊಗೆ ಮೂಗಿಗೆ ಬಡಿದ ಕೂಡಲೇ ನಂಜಣ್ಣ ಚಪ್ಪಲಿ ಬಿಟ್ಟು ಒಲೆ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟರು. “ನಮ್ ಕಡಬದ ಕೆರೆ ಏರಿ ವಾಸ್ನೆ ಕಣ್ಲಾ,” ಅಂದರು. ಅಷ್ಟು ದಿನ ಕೇಳಿರದ ಮೆತ್ತನೆ ದನಿ.

ಅದು ಎರಡು ನಿಮಿಷ. ಆಮೇಲೆ ಜಗಳ ಶುರು. ರವಾನ್ ಹದವಾಗಿ ಬೆಚ್ಚಗಾದರೆ ಸಾಕು, ಗುಂ ಅನ್ನಬೇಕು. ತಮಟೆ ಚುರುಕಾಗಿ ಕಾಯಬೇಕು, ಠಣ್ ಅನ್ನಬೇಕು. ನಂಜಣ್ಣ ಉರಿಗೆ ಅಷ್ಟು ಹತ್ತಿರ ಹಿಡಿದದ್ದು ನೋಡಿ ಮಾ ರೋಜಿ ಅವರ ಕೈಗೇ ಒಂದು ಏಟು ಕೊಟ್ಟು ತಮಟೆ ಕಿತ್ತುಕೊಂಡರು. ಹೆಂಡತಿಗೂ ಮುಟ್ಟಗೊಡದ ತಮಟೆ! ನಂಜಣ್ಣ ಆಯಮ್ಮನ ರವಾನ್ ಕಿತ್ತುಕೊಂಡು ಉರಿಗೆ ಹಿಡಿದರು. “ನಿಮ್ದು ಬೆಂದೇ ಇಲ್ಲ ಕಣಮ್ಮೋ! ಗಂಟು ಗಂಟು ಮುದ್ದೆ ಇದ್ದಂಗೈತೆ!” ಆಯಮ್ಮ ಕ್ರಿಯೋಲಿನಲ್ಲಿ ಬೈದರು, ಇವರು ಕನ್ನಡದಲ್ಲಿ. ಸೆರ್ಜ್ ಅನುವಾದ ಮಾಡೋಕೆ ಬಾಯಿ ತೆರೆದ, ಬೇಡ ಬಿಡು ಅಂದೆ. ಇಬ್ಬರಿಗೂ ಪೂರ್ತಿ ಅರ್ಥವಾಗ್ತಿತ್ತು.

ಒಂದು ಹದಕ್ಕೆ ಬಂದ ಮೇಲೆ ಮಾ ರೋಜಿ ಬಾರಿಸಿದರು. ಅಲೆ ಬಂದು ಮರಳಿಗೆ ತಾಗಿ ಹಿಂದೆ ಸರಿದ ಹಾಗೆ ಒಂದು ತೂಗುವ ನಡೆ. ನಂಜಣ್ಣ ಮೊದಲು ಡಿಕ್ಕಿ ಹೊಡೆದರು, ಸಂದಿಯಲ್ಲಿ ಸಿಕ್ಕಿಕೊಂಡರು, ಬೈದುಕೊಂಡರು. ಆಮೇಲೆ ನಮ್ಮೂರಿನ ಬಾಬಯ್ಯನ ಹಬ್ಬದಲ್ಲಿ, ಅದೇ ಮೊಹರಂನಲ್ಲಿ, ಕೆಂಡದ ಗುಂಡಿ ಸುತ್ತ ಬಾರಿಸೋ ಒಂದು ಗತ್ತು ಹಿಡಿದರು ನೋಡಿ, ಕೂತುಕೊಂಡುಬಿಡ್ತು. ಕಬ್ಬಿನ ಹೂವಿನ ದಂಟು ಜೋಡಿಸಿ ಒಳಗೆ ಬೀಜ ತುಂಬಿದ ಚಪ್ಪಟೆ ಗಿಲಕಿಯನ್ನು ಸೆರ್ಜ್ ನನ್ನ ಕೈಗಿಟ್ಟ. ಕೂಲಿಗಳ ಕಬ್ಬು, ಗುಲಾಮರ ರವಾನ್, ಪಕ್ಕದಲ್ಲಿ ಸೆರ್ಜ್ ಕಿಣಿಕಿಣಿ ಬಡಿದ ಬಿಳಿ ದೊರೆಗಳ ಕಬ್ಬಿಣದ ತ್ರಿಕೋನ. ಮೂರೂ ಸೇರಿದರೇ ಅವರ ಹಾಡು ಪೂರ್ತಿ.

ಮೂಲೆಯಲ್ಲಿ ದೊಡ್ಡಪ್ಪ ಹಾರ್ಮೋನಿಯಂ ಪೆಟ್ಟಿಗೆ ತೊಡೆ ಮೇಲಿಟ್ಟುಕೊಂಡು ಬಿಗಿದು ಕೂತಿದ್ದರು. ನೀವೂ ಸೇರಿ ಅಂತ ಸೆರ್ಜ್ ಕರೆದ.

“ಹೇಳೋ ಅವರಿಗೆ,” ಅಂದರು ನನಗೆ. “ನಮ್ಮದು ಅಪ್ಪಟ ನಾಟಕದ ಸಂಗೀತ. ಹೊರಗಿನದು ಸೇರಿಸಿದರೆ ಕೆಡುತ್ತೆ.”

ಹೇಳಿದೆ. ಮಾ ರೋಜಿ ಎದ್ದು ಬಂದು, ಬಗ್ಗಿ, ಹಾರ್ಮೋನಿಯಂ ನೋಡಿ ಸೆರ್ಜನಿಗೆ ಏನೋ ಕೇಳಿದರು. ಸೆರ್ಜ್ ಹೇಳೋಕೆ ಹಿಂಜರಿದ.

“ಏನಂತೆ?” ಅಂದರು ದೊಡ್ಡಪ್ಪ.

“ನಮ್ಮ ಚರ್ಚಿ‌ನ ಪಾದ್ರಿಯ ಪೆಟ್ಟಿಗೆ ನಿಮ್ಮ ಕೈಗೆ ಹೇಗೆ ಬಂತು ಅಂತ ಕೇಳ್ತಿದಾರೆ,” ಅಂತ ಸೆರ್ಜ್ ಹೇಳಿದ್ದನ್ನು ಕನ್ನಡಕ್ಕೆ ತಂದೆ.

ದೊಡ್ಡಪ್ಪ ಪೆಟ್ಟಿಗೆ ನೋಡಿದರು. ಸಮುದ್ರ ನೋಡಿದರು. ನನ್ನನ್ನು ನೋಡಿ, “ನಗ್ಬೇಡ,” ಅಂದರು. ನಾನು ನಕ್ಕಿರಲಿಲ್ಲ, ನಕ್ಕಿದ್ದು ನಂಜಣ್ಣ. ಆಮೇಲೆ ದೊಡ್ಡಪ್ಪ ನಿಧಾನವಾಗಿ ತಿದಿ ಬಿಚ್ಚಿದರು.

ಮಧ್ಯಾಹ್ನಕ್ಕೆ ಮಾ ರೋಜಿ ದೊಡ್ಡಪ್ಪನಿಗೆ ಅಂತಲೇ ನುಗ್ಗೆಸೊಪ್ಪಿನ ಸಾರು ಮಾಡಿದರು. ಬಾಯಲ್ಲಿ ಸಾರಿದ್ದಾಗ ಮನುಷ್ಯ ಅಪ್ಪಟ ಅನ್ನೋಕಾಗಲ್ಲ, ಅದು ನಮ್ಮ ಪುಣ್ಯ.

ಊಟ ಆದ ಮೇಲೆ ಸೆರ್ಜ್ ಹೇಳಿದ, “ಒಂದು ಕಾಲಕ್ಕೆ ಈ ರವಾನನ್ನ ಯಾರೂ ಮನೆಯೊಳಗೆ ಬಿಟ್ಕೊಳ್ತಿರಲಿಲ್ಲ. ಗುಲಾಮರ ವಾದ್ಯ ಅಂತ ದೊಡ್ಡವರಿಗೆ ಅಸಹ್ಯ. ಮರ್ಯಾದಸ್ಥ ಕ್ರಿಯೋಲರಿಗೂ ನಾಚಿಕೆ.”

ನಂಜಣ್ಣ ತಮಟೆಯ ಅಂಚು ಒರೆಸುತ್ತಿದ್ದವರು ನಿಲ್ಲಿಸಿದರು. “ಈಗ?”

“ಈಗ ಇದಿಲ್ಲದೆ ಯಾರ ಮದುವೆನೂ ಆಗಲ್ಲ.”

ನಂಜಣ್ಣ ಮತ್ತೆ ಬಟ್ಟೆ ಕೈಗೆತ್ತಿಕೊಂಡರು. ತುಂಬ ಹೊತ್ತು ಒರೆಸಿದ ಜಾಗವನ್ನೇ ಒರೆಸಿದರು.

ಶನಿವಾರ, ಕಡಲ ದಂಡೆ

ಮಾ ರೋಜಿಗೂ ಉತ್ಸವದವರು ಪ್ಲಾಸ್ಟಿಕ್ ರವಾನ್ ಕೊಟ್ಟಿದ್ದರಂತೆ, ಆಯಮ್ಮ ಬರೋದೇ ಇಲ್ಲ ಅಂದಿದ್ದರಂತೆ. ಈಗ ಬೇಲಿ ತೋರಿಸಿ ಹೇಳಿದರು, “ಅವರ ಕಾನೂನು ಆಚೆ. ನನ್ನ ಒಲೆ ಈಚೆ.”

ಆದರೆ ಒಂದು ತೊಡಕು. ಇಲ್ಲಿ ಕಾಯಿಸಿ, ವೇದಿಕೆವರೆಗೆ ನಡೆದು, ಭಾಷಣ ಮುಗಿಯೋವರೆಗೆ ಕಾದರೆ ಸಮುದ್ರದ ಗಾಳಿಗೆ ಚರ್ಮ ಮತ್ತೆ ಸತ್ತುಹೋಗುತ್ತೆ. ಅದಕ್ಕೆ ದಾರಿ ಹುಡುಕಿದ್ದು ದೊಡ್ಡಪ್ಪ, ನಂಬಿದರೆ ನಂಬಿ. “ನಮ್ಮೂರಲ್ಲಿ ವೇದಿಕೆ ಮೇಲೆ ಹತ್ತಿ ಯಾರಪ್ಪ ತಮಟೆ ಬಾರಿಸ್ತಾರೆ? ಬೀದಿಯಿಂದಲೇ ಬಾರಿಸ್ಕೊಂಡು ಹೋಗೋಣ. ಹೆಸರು ಕರೆದ ಕೂಡಲೇ ಇಲ್ಲಿಂದಲೇ ಶುರು.”

ಮಾ ರೋಜಿ ತಮ್ಮ ತಲೆಗೆ ಕಟ್ಟಿದ್ದ ಕೆಂಪು ಹೂವಿನ ಬಟ್ಟೆಯನ್ನು ಹರಿದು, ಅರ್ಧವನ್ನು ತಮಟೆಯ ಬಳೆಗೆ ಸುತ್ತಿದರು. ಸೆರ್ಜ್ ತನ್ನ ಹೂವಿನ ಅಂಗಿಯನ್ನು ನಂಜಣ್ಣನಿಗೆ ತೊಡಿಸಿದ. ನಾನು ಚೇಳೂರಿಗೆ ವಿಡಿಯೊ ಕಾಲ್ ಹಚ್ಚಿದೆ. ಸುಮ ಫೋನು ಹಿಡಿದು ಹಾಲ್‌ಗೆ ಓಡಿದಳು. ಬೀಗರು, ಬೀಗಿತ್ತಿ, ಇನ್ನೂ ಯಾರೋ ಆಫೀಸಿನವರು ಸೋಫಾ ಮೇಲೆ. ಈಗ ಫೋನು ಯಾರು ಹಿಡಿಯೋದು? ನನ್ನ ಕೈಯಲ್ಲಿ ಗಿಲಕಿ. ಸುತ್ತ ನೋಡಿದೆ. ಕೊನೆಯ ಸಾಲಿನಲ್ಲಿ, ಬೇಲಿ ಪಕ್ಕದಲ್ಲೇ ಮ್ಯಾನೇಜರಮ್ಮ ಕೂತಿದ್ದರು, ಇನ್ನೇನು ಸುಡ್ತಾರೋ ನೋಡೋಣ ಅಂತ ಬಂದವರು. ಫೋನು ಅವರ ಕೈಗೆ ಕೊಟ್ಟೆ. ಪರದೆಯಲ್ಲಿ ಕಂಡ ಚೇಳೂರಿನ ಬೀಗಿತ್ತಿಗೆ ಅವರು ತಲೆ ಬಾಗಿಸಿ “ಬೋಂಜೂರ್” ಅಂದರು. ಆ ಕಡೆಯಿಂದ “ಊಟ ಆಯ್ತಾ?” ಅಂತ ಬಂತು.

ಹೆಸರು ಕರೆದರು. ಜನ ವೇದಿಕೆ ನೋಡ್ತಿದ್ದಾರೆ, ವೇದಿಕೆ ಖಾಲಿ. ಹಿಂದಿನಿಂದ, ಬೇಲಿಯ ಆಚೆಯಿಂದ ಒಂದು ಗುಂ. ಅದರ ಬೆನ್ನಿಗೆ ಒಂದು ಠಣ್.

ಎಂಥಾ ಠಣ್ ಅಂತೀರಿ! ಕುರ್ಚಿಗಳೆಲ್ಲ ಒಂದೇ ಸಲ ಕಿರ್ರ್ ಅಂತ ಹಿಂದಕ್ಕೆ ತಿರುಗಿದವು. ಗರಿಯ ಹೊಗೆಯೊಳಗಿಂದ ಮಾ ರೋಜಿ ಮುಂದೆ, ಮರಳಿನಿಂದ ಪಾದ ಎತ್ತದೆ ಜಾರಿಸುತ್ತಾ ಅವರ ಹೆಜ್ಜೆ. ಪಕ್ಕದಲ್ಲಿ ನಮ್ಮ ನಂಜಣ್ಣ, ಮೊಣಕಾಲು ಎದೆಗೆ ತಾಗೋ ಹಾಗೆ ಎತ್ತಿ ಎತ್ತಿ ಅವರ ಹೆಜ್ಜೆ. ಒಬ್ಬರು ನೆಲ ಬಿಡಲ್ಲ, ಒಬ್ಬರು ನೆಲ ಮುಟ್ಟಲ್ಲ, ಏಟು ಮಾತ್ರ ಒಂದೇ ಕಡೆ ಬೀಳುತ್ತೆ. ಸೆರ್ಜ್ ಹಗ್ಗ ಕಟ್ಟಿ ದೊಡ್ಡಪ್ಪನ ಕೊರಳಿಗೆ ಹಾರ್ಮೋನಿಯಂ ನೇತುಹಾಕಿದ್ದ. ಪಾದ್ರಿಯ ಪೆಟ್ಟಿಗೆಯಲ್ಲಿ ಗುಬ್ಬಿ ನಾಟಕದ ರಾಗ, ಅದರ ಮೇಲೆ ಮಾ ರೋಜಿಯ ಕ್ರಿಯೋಲ್ ಹಾಡು. ವಿಭೂತಿ ಬೆವರಿಗೆ ಇಳಿದು ದೊಡ್ಡಪ್ಪನ ಮೂಗು ಬೆಳ್ಳಗಾಗಿತ್ತು. ನನ್ನ ಕಡೆ ನೋಡಿ ನಕ್ಕರು. ನನಗೆ ಭಯವಾಯ್ತು.

ನನ್ನ ಸರದಿ ಬಂತು. ಹೋಟೆಲಿನೊಳಗೆ ತಾನೇ ಸದ್ದು ಮಾಡಬಾರದು ಅಂದಿದ್ದು? ಗಾಳಿ ಎಳೆದುಕೊಂಡು ಬಿಟ್ಟೆ: ‘ಪೀಂ... ಪೀಂ... ಪೀಂ...’ ನಮ್ಮ ಹೋಟೆಲಿನಿಂದ ಬಂದಿದ್ದ ಎರಡು ಸಾಲು ಗಿರಾಕಿಗಳು ಎದ್ದು ನಿಂತರು. ಮ್ಯಾನೇಜರಮ್ಮ ಅಭ್ಯಾಸದಿಂದ ಬಾಗಿಲು ಹುಡುಕಿದರು, ಫೋನು ಮಾತ್ರ ಅಲುಗಾಡಿಸಲಿಲ್ಲ. ಆಮೇಲೆ ನಕ್ಕರು. ನಂಜಣ್ಣ ಠಣ್ ಅಂತ ಉತ್ತರ ಕೊಟ್ಟರು, ಬಾತ್ ರೂಮಲ್ಲಿ ಕೊಟ್ಟಿದ್ದಕ್ಕಿಂತ ಒಂದು ಮೆಟ್ಟಿಲು ಮೇಲೆ. ಮಾ ರೋಜಿ ಅದನ್ನೂ ಎತ್ತಿಕೊಂಡು ಹಾಡಿಗೆ ಸೇರಿಸಿಬಿಟ್ಟರು. ಈಗ ಮಾರಿಷಸ್ಸಿನ ಒಂದು ಹಾಡಿನಲ್ಲಿ ಬೆಂಕಿ ಗಂಟೆ ಇದೆ. ಅದರ ಮೂಲ ಯಾವುದು ಅಂತ ಮುಂದೆ ಯಾರಾದರೂ ಪಂಡಿತರು ಹುಡುಕಿಕೊಳ್ಳಲಿ.

ಮುಗಿದಾಗ ಸೂರ್ಯ ಇನ್ನೂ ನೀರಿನ ಮೇಲಿದ್ದ. ನಂಜಣ್ಣ ಯಾರಿಗೂ ಕೈ ಕೊಡಲಿಲ್ಲ, ಫೋಟೊಕ್ಕೆ ನಿಲ್ಲಲಿಲ್ಲ. ಏದುಸಿರು ಬಿಡುತ್ತಾ ನೇರ ಮ್ಯಾನೇಜರಮ್ಮನ ಹತ್ತಿರ ಹೋಗಿ, ಕೂಲಿಂಗ್ ಗ್ಲಾಸ್ ತೆಗೆದು ಫೋನಿನೊಳಗೆ ಇಣುಕಿದರು.

“ಕೇಳುಸ್ತಾ ಬೀಗ್ರೇ?”

ಚೇಳೂರಿನ ಹಾಲ್‌ನಲ್ಲಿ ಶಿವಣ್ಣನವರು ಸೋಫಾದ ತುದಿಗೆ ಬಂದಿದ್ದರು. ಹಿಂದೆ ಆಫೀಸಿನವರು ಚಪ್ಪಾಳೆ ಹೊಡೀತಿದ್ದರು. ಸುಮ ಸೆರಗಲ್ಲಿ ಮುಖ ಮುಚ್ಚಿಕೊಂಡಿದ್ದಳು.

“ಏನ್ ಕೇಳುಸ್ತಾ ಅಂತೀರಿ! ಬೀದಿಯೋರೆಲ್ಲ ಒಳಕ್ಕೆ ಬಂದವ್ರೆ. ಏನ್ ಸೌಂಡು, ಏನ್ ಗತ್ತು! ಆ ಕೆಂಪು ಬಟ್ಟೆ ಕಟ್ಟಿದ್ರಲ್ಲ, ಆ ವಾದ್ಯ, ಅದು ಯಾವ ದೇಶದ್ದು ಬೀಗ್ರೇ?”

ನಂಜಣ್ಣ ತಮಟೆಯನ್ನು ಎತ್ತಿ ಫೋನಿಗೆ ಹತ್ತಿರ ಹಿಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಅತ್ತೆ ಮನೆಗೆ ಹೋದ ಮಗಳ ಯೋಗಕ್ಷೇಮ ಹೇಳುವ ಹಾಗೆ ಹೇಳಿದರು:

“ಮದ್ವೇಲಿ ನಿಮ್ ಗೇಟಿಂದಾಚೆ ಚಪ್ಪಲಿ ಪಕ್ಕ ನಿಂತಿತ್ತಲ್ಲ ಬೀಗ್ರೇ, ಆ ದೇಶದ್ದು.”